ಕರಾರು ಕಾನೂನಿನ ಒಂದೇ ಪ್ರತಿ

ಪುಸ್ತಕ ಮತ್ತೆ ಮಾಯವಾಗಿತ್ತು.

ನೌಫಲ್ ಕಡಲ ಕಾನೂನಿನ ಕಪಾಟಿನ ಹಿಂದೆ ಮೊಳಕೈವರೆಗೆ ಕೈ ತೂರಿಸಿ ತಡಕಿದ. ಧೂಳಿನ ಹೊರತು ಏನೂ ಇಲ್ಲ. ನಿನ್ನೆ ಸಂಜೆ ತಾನೇ ಅಲ್ಲಿ ಬಚ್ಚಿಟ್ಟು ಹೋಗಿದ್ದ.

ಟ್ಯೂನಿಸ್‌ನ ಆ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿ ಕರಾರು ಕಾನೂನಿನ ದಪ್ಪ ವ್ಯಾಖ್ಯಾನ ಇದ್ದದ್ದು ಒಂದೇ ಪ್ರತಿ. ಮನೆಗೆ ಕೊಡುವಂತಿಲ್ಲ. ಪರೀಕ್ಷೆ ಹತ್ತಿರವಾದರೆ ಅದನ್ನು ಯಾರೂ ಸುಳಿಯದ ಕಪಾಟಿಗೆ ಸಾಗಿಸುವುದು ವಿದ್ಯಾರ್ಥಿಗಳ ಹಳೆಯ ಸಂಪ್ರದಾಯ. ಆದರೆ ಮೂರು ದಿನದಿಂದ ಕಳ್ಳನ ಮನೆಗೇ ಕನ್ನ ಬೀಳುತ್ತಿತ್ತು.

ನೌಫಲ್ ಈ ವಿಷಯದಲ್ಲಿ ಎರಡು ಸಲ ನಪಾಸಾದವನು. ಸೋಮವಾರದ ಪರೀಕ್ಷೆಯಲ್ಲೂ ಬಿದ್ದರೆ ವಿಶ್ವವಿದ್ಯಾಲಯದಿಂದ ಹೆಸರು ತೆಗೆದುಹಾಕುತ್ತಾರೆ. ಅವನ ತಾಯಿಯೋ ವಕೀಲರ ಕರಿ ನಿಲುವಂಗಿ ಹೊಲಿಸಿ, ಇಸ್ತ್ರಿ ಮಾಡಿಸಿ, ಓಣಿಗೆಲ್ಲ ತೋರಿಸಿ ಆಗಿದೆ.

ಗ್ರಂಥಪಾಲಕಿ ವಸೀಲಾ ಸೂಚಿಪತ್ರದ ಡಬ್ಬಿ ಎಳೆದು ನೋಡಿದರು.

"ಪುಸ್ತಕ ಒಳಗೇ ಇದೆಯಪ್ಪ."

"ಒಳಗೆ ಅಂದ್ರೆ ಎಲ್ಲಿ?"

"ಅದನ್ನ ನಿಮ್ಮಂಥ ದೇವರಿಗೆ ಹೆದರೋ ಹುಡುಗರೇ ಹೇಳಬೇಕು."

ನೌಫಲನ ಕಿವಿ ಕೆಂಪಾಯಿತು. ಪಕ್ಕದಲ್ಲಿದ್ದ ಸಹಪಾಠಿ ರೌದಾ ಕಿಸಕ್ಕನೆ ನಕ್ಕಳು. "ಏನೋ, ಹಡಗಿನ ವಕೀಲ ಆಗ್ತೀಯೇನೋ? ಯಾವಾಗ ನೋಡಿದ್ರೂ ಆ ಕಪಾಟಿನ ಹತ್ರಾನೇ ಇರ್ತೀಯಲ್ಲ!"

ಇವಳೇ. ಸಂಶಯವೇ ಬೇಡ.

ಅರ್ಧ ಗಂಟೆ ಹುಡುಕಿದ ಮೇಲೆ ಪುಸ್ತಕ ಸೇನಾ ಕಾನೂನಿನ ಕಪಾಟಿನಲ್ಲಿ ಕಂಡಿತು. ನೌಫಲ್ ಮುಟ್ಟಲಿಲ್ಲ. ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತ. ಮಧ್ಯಾಹ್ನದ ಬಾಂಗು ಕೇಳಿಸಿತು. ಪ್ರಾರ್ಥನೆಗೆ ತಡಮಾಡುತ್ತಿರುವ ತನ್ನನ್ನು ಕ್ಷಮಿಸು ಎಂದು ದೇವರಲ್ಲಿ ಬೇಡಿಕೊಂಡ. ಅವಳನ್ನು ಮಾತ್ರ ಕ್ಷಮಿಸಬೇಡ ಎಂದೂ ಸೇರಿಸಿದ.

ಓದುವ ಕೋಣೆ ಖಾಲಿಯಾಯಿತು. ಹೆಜ್ಜೆ ಸದ್ದು. ಕಪಾಟಿನ ಆ ಬದಿಯಿಂದ ಕೈಯೊಂದು ಬಂದು ಪುಸ್ತಕ ಎತ್ತಿತು. ನೌಫಲ್ ನೆಗೆದು ಮಣಿಕಟ್ಟು ಹಿಡಿದ.

"ಸಿಕ್ಕಿಬಿದ್ದೆ ಕಣೇ!"

ಕರಾರು ಕಾನೂನಿನ ಪ್ರೊಫೆಸರ್ ಘರ್ಬಿಯವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಅಯ್ಯೋ ಮೇಷ್ಟ್ರೇ! ತಪ್ಪಾಯ್ತು. ಬಚ್ಚಿಡ್ತಿದ್ದದ್ದು ನಾನೇ. ಹೆಸರು ತೆಗೆಸಬೇಡಿ, ನಮ್ಮಮ್ಮ ಎದೆ ಒಡ್ಕೊಂಡು ಸಾಯ್ತಾಳೆ!"

ಪ್ರೊಫೆಸರರು ಎಡಬಲ ನೋಡಿದರು. ಪುಸ್ತಕವನ್ನು ಕೋಟಿನೊಳಗೆ ಸೇರಿಸಿ, ಅವನ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಲಗೆ ಮಾತಾಡು ಮಾರಾಯ! ಸೋಮವಾರದ ಪ್ರಶ್ನೆಪತ್ರಿಕೆಗೆ ಇನ್ನೂ ಎರಡು ಪ್ರಶ್ನೆ ಇದರಿಂದ ಇಳಿಸ್ಕೋಬೇಕು. ನೀನು ಯಾವುದನ್ನ ಓದಿದ್ದೀಯ ಹೇಳು, ಅದನ್ನೇ ಹಾಕ್ತೀನಿ."