ಹದಿನೈದು ದಿನ

ಗುಮಾಸ್ತ ವೆಂಕಟಪ್ಪ ಲಕೋಟೆಯ ಅರಗು ಒಡೆದ. ಎದುರಿನ ಬೆಂಚಿನಲ್ಲಿ ಲಾಲಪ್ಪ ತುದಿಗೆ ಸರಿದು ಕುಳಿತ.

ಲಕೋಟೆ ಬಂದದ್ದು ಪೊಲೀಸ್ ಠಾಣೆಯಿಂದ. ಯುದ್ಧ ಶುರುವಾಗಿ ನಾಲ್ಕನೇ ವರ್ಷ; ಆದವಾನಿಯಲ್ಲಿ ಹೊಸದಾಗಿ ರೇಷನ್ ಕಚೇರಿ ತೆರೆದಿದ್ದರು. ಇನ್ನೊಬ್ಬ ಗುಮಾಸ್ತ ಬೇಕಿತ್ತು, ಒಬ್ಬ ಜವಾನ ಬೇಕಿತ್ತು. ಅರ್ಜಿ ಹಾಕಿದವರ ಮೇಲೆ ಹಳೆಯ ಕೇಸೇನಾದರೂ ಇದೆಯೇ ಎಂದು ಠಾಣೆಗೆ ಬರೆದು ಕೇಳಿದ್ದರು. ಉತ್ತರ ಈಗ ಬಂದಿತ್ತು.

ಲಾಲಪ್ಪ ಜವಾನನ ಕೆಲಸಕ್ಕೆ ಬಂದವನು. ಆರು ವರ್ಷದ ಹಿಂದೆ ಹದಿನೈದು ದಿನ ಜೈಲಿನಲ್ಲಿದ್ದವನು. ಕೊಲೆಯಲ್ಲ, ಕಳ್ಳತನವಲ್ಲ, ದೀಪಾವಳಿಯ ಇಸ್ಪೀಟಿನ ಕೇಸು. ಊರ ಬಾಯಿಗೆ ಅಷ್ಟೇ ಸಾಕಾಯಿತು. ಹತ್ತಿ ಜಿನ್ನಿನ ಕಾರ್ಖಾನೆಯವರು ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಅವನ ಊರು ಆಲೂರಿನ ಸಾಹುಕಾರ ಚನ್ನಬಸಯ್ಯನಂತೂ, "ಜೈಲು ಕಂಡಾವನ ಕೈಯಾಗ ಗೋದಾಮಿನ ಬೀಗ ಹ್ಯಾಂಗ ಕೊಡ್ಲಿ?" ಎಂದುಬಿಟ್ಟ. ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ಹೊಸ ಧೋತರ ಕಳಿಸಿದವನೂ ಅವನೇ.

ಜೈಲಿನಲ್ಲಿ ವಾರ್ಡರ್ ದಿನಕ್ಕೆರಡು ಸಲ ಹೆಸರು ಕೂಗುತ್ತಿದ್ದ. ಮೊದಲ ಮೂರು ದಿನ ಲಾಲಪ್ಪ ಓಗೊಡಲಿಲ್ಲ. ಕಿವುಡ ಎಂದು ಬೈದು ಬೆನ್ನಿಗೆ ಬೆತ್ತ ಬೀಸಿದ ಆ ವಾರ್ಡರ್. ನಾಲ್ಕನೇ ದಿನದಿಂದ ಕೂಗು ಮುಗಿಯುವುದರೊಳಗೆ ಲಾಲಪ್ಪ ನೆಟ್ಟಗೆ ಎದ್ದು ನಿಂತು "ಹಾಜರ್" ಎನ್ನುತ್ತಿದ್ದ. ಬೆತ್ತದ ಗೆರೆ ಇನ್ನೂ ಬೆನ್ನ ಮೇಲಿತ್ತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಪಕೀರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ರಾಜಾ ಯಾವ್ದು ರಾಣಿ ಯಾವ್ದು ಗೊತ್ತಿಲ್ದ ಗಂಡಸು, ಇಸ್ಪೀಟಿನ ಹೆಸರಿಲೆ ಹಾಳಾಗಿ ಕುಂತಿ. ಇವತ್ತೂ ಕೆಲಸ ಇಲ್ಲಂತ ಬಂದ್ರ ನೋಡು, ಕೂಸು ಕರ್ಕೊಂಡು ತವರಿಗೆ ಹೊಕ್ಕೀನಿ."

ಕಚೇರಿಯಲ್ಲಿ ಅದೇ ಬೆಂಚಿನ ಆ ತುದಿಯಲ್ಲಿ ಚನ್ನಬಸಯ್ಯ ಕುಳಿತಿದ್ದ. ಪಕ್ಕದಲ್ಲಿ ಅವನ ಮಗ ರೇವಣಸಿದ್ದಯ್ಯ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಗುಮಾಸ್ತನ ಕೆಲಸಕ್ಕೆ ಬಂದಿದ್ದ. ಸಾಹುಕಾರ ಲಾಲಪ್ಪನ ಕಡೆ ಬಾಗಿದ.

"ಏನಲೇ ಲಾಲ್ಯಾ, ಸರಕಾರದ ಡವಾಲಿ ಹಾಕ್ಕೊಳ್ಳಾಕ ಬಂದಿಯೇನು?"

"ಬಂದೀನ್ರಿ ಧಣಿ."

"ಜೈಲಿನ ಸುದ್ದಿ ನೀನಾಗೇ ತೆಗೀಬ್ಯಾಡ. ನಿನ್ನ ಒಳ್ಳೇದಕ್ಕ ಹೇಳ್ತೀನಿ."

"ಆರು ವರ್ಷದಾಗ ಒಂದು ಸಲಾನಾದ್ರೂ ತೆಗದೀನೇನ್ರಿ?"

ರೇವಣಸಿದ್ದಯ್ಯ ಕಿಟಕಿಯ ಕಡೆ ಮುಖ ತಿರುಗಿಸಿದ.

ವೆಂಕಟಪ್ಪ ಮೊದಲ ಕಾಗದ ಓದಿದ. "ಲಾಲಪ್ಪ. ಇವನ ಮ್ಯಾಲೆ ಏನೂ ಇಲ್ಲ. ಬಾರಪ್ಪಾ, ಹೆಬ್ಬೆಟ್ಟು ಒತ್ತು."

ಲಾಲಪ್ಪನಿಗೆ ನಂಬಿಕೆ ಬರಲಿಲ್ಲ. ಠಾಣೆಯವರು ಬರೆಯಲು ಮರೆತರೋ, ಬರೆದದ್ದನ್ನು ಇಲಿ ತಿಂದಿತೋ! ಹೆಬ್ಬೆರಳನ್ನು ಮಸಿಗೆ ಒತ್ತಿದ, ಕಾಗದಕ್ಕೆ ಒತ್ತಿದ. ಜವಾನರ ಹಿತ್ತಾಳೆ ಬಿಲ್ಲೆಯ ಡವಾಲಿ ಪಟ್ಟಿ ಅವನ ಹೆಗಲಿಗೆ ಬಿತ್ತು. ಕಣ್ಣು ಒರೆಸಿಕೊಂಡು ಬೆಂಚಿನ ಮೇಲೆ ಕುಸಿದ. ಮಸಿ ಕೆನ್ನೆಗೂ ಹತ್ತಿತು.

ವೆಂಕಟಪ್ಪ ಎರಡನೆಯ ಕಾಗದ ತೆಗೆದ. ಹುಬ್ಬು ಗಂಟಿಕ್ಕಿತು.

"ಸಾಹುಕಾರ್ರೆ, ನಿಮ್ಮ ಮಗನ ಮ್ಯಾಲೆ ಕೇಸೈತಲ್ರಿ! ಇಸ್ಪೀಟು. ಹದಿನೈದು ದಿನ ಜೈಲು."

ಚನ್ನಬಸಯ್ಯ ಎದ್ದು ನಿಂತ. "ಸುಳ್ಳು! ನನ್ನ ಮಗ ಜೈಲಿನ ಹೊಸ್ತಿಲಾ ತುಳಿದಿಲ್ಲ. ಆ ಹದಿನೈದು ದಿನ ಮನ್ಯಾಗೇ ಇದ್ದ. ಊರಿಗೆ ಊರೇ ಸಾಕ್ಷಿ ಐತಿ!"

"ಮತ್ತ ಅವನ ಹೆಸರಿಲೆ ಒಳಗಿದ್ದು ಬಂದಾವ ಯಾರ್ರಿ?"

ಸಾಹುಕಾರ ಮಗನ ಮುಂದೆ ಅಡ್ಡ ಬಂದು ನಿಂತ.

"ನೀವು ಕುಂದರ್ರಿ. ಅವನೇ ಹೇಳ್ಲಿ." ವೆಂಕಟಪ್ಪ ಮೇಜು ಗುದ್ದಿ ಕೂಗಿದ, "ರೇವಣಸಿದ್ದಯ್ಯಾ!"

ಕೋಟಿನ ಹುಡುಗ ಅಲುಗುವ ಮೊದಲೇ, ಬೆಂಚಿನ ಈ ತುದಿಯಲ್ಲಿ ಲಾಲಪ್ಪ ನೆಟ್ಟಗೆ ಎದ್ದು ನಿಂತಿದ್ದ: "ಹಾಜರ್!"