ಅಡ್ಡ ಬಾಟಲಿ

ಈರವ್ವ ಠಸ್ಸೆಯನ್ನು ಮುಷ್ಟಿಯಲ್ಲಿ ಹಿಡಿದಳು. ಮತಪತ್ರದಲ್ಲಿ ಎರಡು ಚಿತ್ರ: ಒಂದು ಬಾಟಲಿ ನಿಂತಿತ್ತು, ಇನ್ನೊಂದು ಅಡ್ಡ ಬಿದ್ದಿತ್ತು. ವಿಠ್ಠಲವಾಡಿಯ ಸಾರಾಯಿ ದುಕಾನು ಇರಬೇಕೋ ಮುಚ್ಚಬೇಕೋ, ಈ ದಿನ ವಾರ್ಡಿನ ಹೆಂಗಸರು ಹೇಳಬೇಕಿತ್ತು. ಗಂಡ ಕಾಡಪ್ಪನನ್ನು ನುಂಗಿದ ದುಕಾನು ಈಗ ಮಗ ಚನ್ನುವನ್ನು ನುಂಗುತ್ತಿತ್ತು.

ಪರದೆಯಾಚೆ ಸಾಹೇಬರಿಬ್ಬರು ನಗುತ್ತಿದ್ದರು. "ಇವೆಲ್ಲ ಬಂದ್ ಆದ್ರೆ ಸರ್ಕಾರದ ತಿಜೋರಿ ಯಾರು ತುಂಬ್ತಾರೋ?"

'ನನ್ನ ಮಗ ತುಂಬಾಕತ್ಯಾನಲ್ಲೋ ಭಾಡ್ಯಾ' ಎಂದು ಈರವ್ವ ಹಲ್ಲು ಕಡಿದಳು. ಸರ್ಕಾರ ತನ್ನ ತೆರಿಗೆಯ ಪಾಲು ಮೊದಲೇ ಕಿತ್ತುಕೊಂಡು ಬಾಟಲಿಯ ಬಾಯಿಗೆ ಚೀಟಿ ಅಂಟಿಸುತ್ತಿತ್ತು. ಚನ್ನು ಆ ಚೀಟಿ ಹರಿದನೆಂದರೆ ಮನೆಯಲ್ಲಿ ಪಾತ್ರೆ ಹಾರುತ್ತಿದ್ದವು. ನಿಂತ ಬಾಟಲಿ ಅಂದರೆ ಇನ್ನೂ ತೆರೆಯದ್ದು, ಯಾರೂ ಕುಡಿಯದ್ದು. ಅಡ್ಡ ಬಿದ್ದದ್ದು ಕುಡಿದು ಮುಗಿದದ್ದು, ಅದರ ಮಗ್ಗುಲಲ್ಲೇ ಅವನೂ ಬಿದ್ದಿರುತ್ತಿದ್ದ. ಇಷ್ಟು ತಿಳಿಯಲು, ಗುರುತು ವಿವರಿಸುತ್ತಿದ್ದ ಆ ಅರ್ಥವಾಗದ ಮರಾಠಿ ಸಭೆಗಳಿಗೆ ಹೋಗಬೇಕೇನು? ನಿಂತ ಬಾಟಲಿಯ ಮೇಲೆ ಅವಳು ಇದ್ದಬದ್ದ ಸಿಟ್ಟನ್ನೆಲ್ಲ ಹಾಕಿ ಠಸ್ಸೆ ಒತ್ತಿದಳು.

ಹೊರಗೆ ಸೊಸೆ ನೇತ್ರಾ ಕೆಲಸದಿಂದ ಏದುಸಿರು ಬಿಡುತ್ತ ಬಂದಿದ್ದಳು. "ಅಡ್ಡ ಬಾಟಲಿಗೇ ಒತ್ತೀರಿಲ್ಲ, ಅತ್ತಿ? ಬಾಟಲಿ ಮಲಗಿಸಿದ್ರ ದುಕಾನು ಬಂದ್. ನಿಂತದ್ದಕ್ಕ ಒತ್ತಿದ್ರ ಅದು ಹಂಗ ನಿಂದರತೈತಿ."

ಈರವ್ವ ಶಾಯಿ ಹಚ್ಚಿದ ಬೆರಳನ್ನು ಸೆರಗಿಗೆ ತಿಕ್ಕತೊಡಗಿದಳು. ಮನೆಮನೆಗೆ ಹೋಗಿ ಅವಳೇ ಕರೆತಂದು, ಸಾಲಿನಲ್ಲೇ ಗುರುತು ತಿಳಿಸಿಕೊಟ್ಟಿದ್ದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು, ಗೆದ್ದವರ ಹಾಗೆ ನಗುತ್ತ.

"ನೀ ಹೇಳಿದ್ಹಂಗ ನಿಂತದ್ದಕ್ಕ ಒತ್ತೀವಿ, ಈರಕ್ಕ!"