ಎಡೆ ಇಟ್ಟ ಬಾಟಲಿ

ಆ ಸೋಮವಾರ ಬೆಳಿಗ್ಗೆ ಇಬ್ಬನಿ ಎಷ್ಟು ದಟ್ಟವಾಗಿತ್ತೆಂದರೆ, ಅಂಗನವಾಡಿಯ ಬಾಗಿಲು ಕೈಗೆ ತಾಕುವವರೆಗೂ ನೀಲವ್ವನಿಗೆ ಕಾಣಲಿಲ್ಲ. ಕಂಕುಳಲ್ಲಿ ನಾಲ್ಕು ವರ್ಷದ ಮೊಮ್ಮಗಳು ಪಾರು. ನಾಲ್ಕು ತುಂಬಿದ ಮಕ್ಕಳ ತೂಕದ ಜೊತೆ ಅಲ್ಲಿ ನಾಲಿಗೆಯನ್ನೂ ನೋಡುತ್ತಿದ್ದರು. ಹುಟ್ಟುವಾಗ ಒಂದೊಂದು ನಾಲಿಗೆಗೂ ಸವಿಯಲು ಇಂತಿಷ್ಟೇ ಸಿಹಿ. ಅದು ತೀರಿದ ಮೇಲೆ ಬೆಲ್ಲವೂ ಮಣ್ಣೇ.

ಟೀಚರ್ ಶಾಂತಕ್ಕ ಪಾರುವಿನ ನಾಲಿಗೆಗೆ ಕಾಗದದ ಪಟ್ಟಿ ಒತ್ತಿದಳು. ಕೆಂಪಾಗಬೇಕಿದ್ದ ಪಟ್ಟಿ ಬಿಳಿಯಾಗಿಯೇ ಉಳಿಯಿತು.

“ಏನ್ ಕುಡಿಸೀರಿ ಆಯಿ ಈ ಕೂಸಿಗೆ? ಜೀವಮಾನದ ಸಿಹಿ ನಾಕ ವರ್ಷದಾಗ ತೀರೈತಿ!”

“ದಿನಕ್ಕೊಂದು ಬಣ್ಣದ ಸೋಡಾ ಬಾಟ್ಲಿ, ಅಷ್ಟವ್ವಾ. ಅದನ್ನೂ ಬಸವಣ್ಣನ ಮುಂದ ಎಡಿ ಇಟ್ಟ ಕೊಟ್ಟೀನಿ. ಪ್ರಸಾದಾತಂದ್ರ ಸಿಹಿ ಖರ್ಚಾಗೂದಿಲ್ಲಲ್ಲ?”

“ದೇವರ ಮುಂದ ಇಟ್ರ ಸಕ್ರಿ ಕರಗಿ ನೀರಾಗತೈತೇನ್ರೀ? ನೀರನ್ನ ಎಡಿ ಇಡಬೇಕಿತ್ತು.”

ಸೊಸೆ ಬೇಡವೆಂದಾಗಲೆಲ್ಲ “ದೇವರದನ್ನ ಬ್ಯಾಡ ಅನಬ್ಯಾಡ” ಎಂದು ಬಾಯಿ ಮುಚ್ಚಿಸಿದವಳು ನೀಲವ್ವನೇ. ಈ ಕೂಸು ಇನ್ನು ಮಾವಿನಹಣ್ಣಿನ ರುಚಿಯೇ ತಿಳಿಯದೆ ಬೆಳೆಯಬೇಕು.

“ನನ್ನ ನಾಲಿಗ್ಯಾಗ ಏನರ ಉಳದೈತೇನ ನೋಡವಾ.”

ಹಬ್ಬಕ್ಕಷ್ಟೇ ಸಿಹಿ ಕಂಡ ನಾಲಿಗೆ ಅದು. ಪಟ್ಟಿ ದಾಸವಾಳದಂತೆ ಕೆಂಪಾಯಿತು.

“ನಿಮ್ಮ ಸಿಹಿ ಆಕಿಗೆ ಕೊಡಾಕ ಬರತೈತಿ ಆಯಿ. ಆದರ ನಿಮಗೇನೂ ಉಳಿಯೂದಿಲ್ಲ. ಮತ್ತ ಬಾಟ್ಲಿ ಹಿಡಿಸಿದ್ರ ಇದೂ ಹೋಗತೈತಿ.”

“ಇವತ್ತಿಂದ ನೀರು, ಮಜ್ಜಿಗಿ. ಅತ್ತರ ಅಳಲಿ.”

ಶಾಂತಕ್ಕ ಕೊಟ್ಟ ಹತ್ತಿಯ ಬತ್ತಿಯನ್ನು ನೀಲವ್ವ ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು. ಸಿಹಿಯೆಲ್ಲ ಅದಕ್ಕೆ ಇಳಿದ ಮೇಲೆ ತೆಗೆದು ಮೊಮ್ಮಗಳ ನಾಲಿಗೆಯ ಮೇಲಿಟ್ಟಳು.